ಸಂಪಿಗೆ ನೀರು ಬಂತಾ?

ಕೋಲಾರದ ಬಡಾವಣೆಗಳಲ್ಲಿ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಕಾಂಪೌಂಡಿನಾಚೆಯಿಂದ ಒಂದು ಪ್ರಶ್ನೆ ಬರುತ್ತದೆ: 'ಸಂಪಿಗೆ ನೀರು ಬಂತಾ?' ಹೊಸಬರಿಗೆ ಪಕ್ಕದ ಮನೆಯವರು ಹೂವಿನ ಗಿಡದ ಕ್ಷೇಮ ವಿಚಾರಿಸುತ್ತಿದ್ದಾರೆ ಅನ್ನಿಸಬಹುದು. ಅವರು ಕೇಳುತ್ತಿರುವುದು ಅಂಗಳದಡಿ ಹೂತಿಟ್ಟ ಸಿಮೆಂಟಿನ ತೊಟ್ಟಿಯ ಸಮಾಚಾರ. ಆ ಸಂಪು ತುಂಬಿದ ಮೇಲೆ ಸಂಪಿಗೆ ಗಿಡದ ಮಾತು. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲದ, ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಸೀಮೆ ಇದು. ಅಜ್ಜಂದಿರ ಕಾಲದಲ್ಲಿ ಮೂವತ್ತು ಅಡಿಗೆ ಸಿಗುತ್ತಿದ್ದ ಬಾವಿ ನೀರಿಗೆ ಈಗ ಸಾವಿರ ಅಡಿ ದಾಟಿ ಕೊರೆಯುತ್ತೇವೆ.

ಹೂವಿನ ಗಿಡ ಬೆಳೆಸುವ ಪುಸ್ತಕಗಳು ಸಾಮಾನ್ಯವಾಗಿ ಬಿಸಿಲಿನಿಂದಲೋ ಗೊಬ್ಬರದಿಂದಲೋ ಶುರುವಾಗುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ನೀರಿನಿಂದ ಶುರುಮಾಡಬೇಕು. ಎಷ್ಟು ನೀರು ಎಂಬ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ, ಬಡತನ ಕಲಿಸಿದೆ. ಆ ನೀರಿನಲ್ಲಿ ಏನು ಕರಗಿದೆ ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ಮನೆಯ ದಾಸವಾಳದ್ದೇ ಕತೆ ತೆಗೆದುಕೊಳ್ಳಿ. (ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಅಲ್ಲಿ ಇದು ಮಂದಾರ.) ಐದೆಸಳಿನ ಕೆಂಪು ಹೂವಿನದು, ಯಾರದೋ ಬೇಲಿಯಿಂದ ಮುರಿದು ತಂದು ನೆಟ್ಟ ಕಡ್ಡಿ. ಮೊದಲ ವರ್ಷ ದಿನಾ ಪೂಜೆಗೆ ಸಾಕಾಗುವಷ್ಟು ಬಿಟ್ಟಿತು. ಎರಡನೇ ಬೇಸಿಗೆಗೆ ಚಿಗುರು ಬಣ್ಣಗೆಟ್ಟಿತು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದೆ. ನರಗಳೆಲ್ಲ ಹಸಿರು, ನರಗಳ ಬಲೆಯ ನಡುವಿನ ಕಣ್ಣುಗಳು ಮಾತ್ರ ನಿಂಬೆಹಣ್ಣಿನ ಹಳದಿ. ಬುಡದ ಹಳೆ ಎಲೆಗಳಿಗೆ ಏನೂ ಆಗಿರಲಿಲ್ಲ. ಗೊಬ್ಬರ ಸಾಲದು ಎಂದುಕೊಂಡು ಒಂದು ಹಿಡಿ ಯೂರಿಯಾ ಹಾಕಿದೆ. ಗಿಡ ಇನ್ನೂ ಬೆಳ್ಳಗಾಯಿತು, ಮೊಗ್ಗು ಉದುರಿದವು.

ಯಾವ ಎಲೆ ಮೊದಲು ಹಳದಿಯಾಯಿತು ಎಂಬುದರಲ್ಲೇ ರೋಗದ ಹೆಸರಿದೆ. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಸಾಗಿಸುತ್ತದೆ, ಆದ್ದರಿಂದ ಹಳದಿ ಬುಡದಿಂದ ಏರುತ್ತದೆ. ಕಬ್ಬಿಣವನ್ನು ಹಾಗೆ ಕದಲಿಸಲು ಗಿಡಕ್ಕೆ ಆಗುವುದಿಲ್ಲ. ಒಮ್ಮೆ ಎಲೆ ಸೇರಿದ ಕಬ್ಬಿಣ ಅಲ್ಲೇ ಉಳಿಯುತ್ತದೆ, ಹೊಸ ಎಲೆಗೆ ಹೊಸ ಕಬ್ಬಿಣವೇ ಬೇಕು. ಅದು ಸಿಗದಿದ್ದರೆ ಚಿಗುರು ಹಳದಿ. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ನಡುವೆ ಕೂತಿರುವುದು ಮೆಗ್ನೀಸಿಯಂ, ಕಬ್ಬಿಣವಲ್ಲ. ಆದರೆ ಆ ಪತ್ರಹರಿತ್ತನ್ನು ತಯಾರಿಸುವ ಕೆಲಸ ಕಬ್ಬಿಣವಿಲ್ಲದೆ ಸಾಗದು.

ಇಲ್ಲೊಂದು ತಮಾಷೆ ಇದೆ. ಮಳೆ ಬಂದರೆ ನಮ್ಮೂರಿನ ಪಂಚೆಗಳೆಲ್ಲ ಕೆಂಪಾಗುತ್ತವಲ್ಲ, ಆ ಕೆಂಪು ಕಬ್ಬಿಣದ್ದೇ. ಕೆಮ್ಮಣ್ಣು ಎಂದರೆ ತುಕ್ಕು ಬೆರೆತ ಮಣ್ಣು. ಅದರಲ್ಲಿ ಬೇರೂರಿದ ದಾಸವಾಳ ಕಬ್ಬಿಣಕ್ಕೆ ಹಸಿದು ಸಾಯುತ್ತದೆ! ಉಗ್ರಾಣ ತುಂಬಿದೆ, ಬೀಗ ಬಿದ್ದಿದೆ. ಬೀಗ ಹಾಕಿದ್ದು ಬೋರ್‌ವೆಲ್ ನೀರು.

ಆ ನೀರು ಬಿದ್ದ ಕಡೆಯೆಲ್ಲ ಗುರುತು ಬಿಡುತ್ತದೆ. ಹೀಟರಿನ ಕಾಯಿಲಿಗೆ ಬಿಳಿ ಹೆಕ್ಕಳ, ಬಕೆಟ್ಟಿನ ಒಳಗೆ ಬಿಳಿ ವರಸೆ, ಮಣ್ಣಿನ ಕುಂಡದ ಅಂಚಿಗೆ ಸುಣ್ಣ ಬಳಿದಂಥ ಬಳೆ. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೋನೇಟುಗಳ ಶೇಷ ಇದು. ನೆಲದಲ್ಲಿ ನೆಟ್ಟ ಗಿಡಕ್ಕೆ ಮಳೆ ಬಂದು ಒಂದಿಷ್ಟು ತೊಳೆದುಕೊಂಡು ಹೋಗುತ್ತದೆ. ಸಜ್ಜೆಯ ಕೆಳಗಿಟ್ಟ ಕುಂಡದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಇನ್ನೆರಡು ಲೀಟರು, ಇನ್ನಷ್ಟು ಉಪ್ಪು. ಮಣ್ಣಿನ ಪಿಎಚ್ ನಿಧಾನವಾಗಿ 7 ದಾಟಿ 8ರ ಕಡೆ ಸರಿಯುತ್ತದೆ. ಪಿಎಚ್ ಒಂದೇ ಒಂದು ಅಂಕ ಏರಿದರೆ ಕರಗಿ ಸಿಗುವ ಕಬ್ಬಿಣ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಗಿಡ ಕೈಕಟ್ಟಿ ಕೂರುವುದಿಲ್ಲ. ದಾಸವಾಳದ ಬೇರು ತನ್ನ ಸುತ್ತ ಆಮ್ಲ ಸೂಸಿ ತುಕ್ಕನ್ನು ಕರಗಿಸಿಕೊಳ್ಳಲು ಹೆಣಗುತ್ತದೆ. ನೀರಿನಲ್ಲಿರುವ ಬೈಕಾರ್ಬೋನೇಟ್ ಆ ಆಮ್ಲವನ್ನು ಹುಟ್ಟಿದಲ್ಲೇ ತಣ್ಣಗಾಗಿಸಿಬಿಡುತ್ತದೆ. ಹುಲ್ಲಿನ ಕುಲದ ಬೆಳೆಗಳ ವಿದ್ಯೆ ಬೇರೆ. ರಾಗಿ, ಜೋಳಗಳ ಬಳಗ ಕಬ್ಬಿಣವನ್ನು ಚಿಮಟದಂತೆ ಹಿಡಿಯುವ ಒಂದು ವಸ್ತುವನ್ನು ಬೇರಿನಿಂದ ಹೊರಬಿಟ್ಟು, ಹಿಡಿದದ್ದನ್ನು ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ದಾಸವಾಳ ಸೊರಗುವ ಸುಣ್ಣದ ಮಣ್ಣಿನಲ್ಲೂ ಹುಲ್ಲು ಹಸಿರಾಗಿ ನಿಂತಿರುತ್ತದೆ.

ಹಾಗಾದರೆ ಮದ್ದೇನು? ಕುಂಡಕ್ಕೆ ತುಕ್ಕು ಮೊಳೆ ಹೂಳುವುದನ್ನು ಹಲವರು ಹೇಳುತ್ತಾರೆ. ತುಕ್ಕಿಗೆ ತುಕ್ಕು ಸೇರಿಸಿದಂತೆ, ಪ್ರಯೋಜನವಿಲ್ಲ. ನಮ್ಮ ಅಜ್ಜಿಯರ ದಾರಿ ಇದಕ್ಕಿಂತ ಮೇಲು: ಕರಿಬೇವಿನ ಎಲೆ ಬಿಳಿಚಿಕೊಂಡರೆ ಅವರು ಬುಡಕ್ಕೆ ಹುಳಿ ಮಜ್ಜಿಗೆ ಸುರಿಯುತ್ತಿದ್ದರು. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಬೈಕಾರ್ಬೋನೇಟನ್ನು ಮುರಿಯುತ್ತದೆ, ಬೇರಿನ ಸುತ್ತ ಒಂದಿಷ್ಟು ದಿನ ಹುಳಿ ಉಳಿಯುತ್ತದೆ. ಮಜ್ಜಿಗೆ ಕುಡಿಯುವುದಕ್ಕೇ ಬೇಕೆನ್ನುವವರು ಅಂಗಡಿಯಿಂದ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ತಂದು, ಲೀಟರಿಗೆ 5 ಗ್ರಾಂ ಕದಡಿ, ನಾಲ್ಕು ಹನಿ ನಿಂಬೆರಸ ಹಿಂಡಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಲಿ. ಮಣ್ಣಿಗೆ ಹಾಕಿದರೆ ಆ ಸುಣ್ಣದಲ್ಲಿ ಅದೂ ಬೇಗ ತುಕ್ಕಾಗುತ್ತದೆ. ಎಲೆಗೆ ಹಾಕಿದರೆ ಬೀಗದ ಕೋಣೆಯ ಹಂಗಿಲ್ಲ. ನನ್ನ ಗಿಡದಲ್ಲಿ ಎರಡು ವಾರಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಹಳದಿಯಾಗಿದ್ದ ಕೆಲವು ಎಲೆಗಳ ಮೇಲೆ ಮಂಜಿನ ಹನಿಯಷ್ಟು ದುಂಡಗೆ ಹಸಿರು ಚುಕ್ಕೆ ಮೂಡಿದ್ದವು, ದ್ರಾವಣದ ಹನಿ ಕೂತ ಜಾಗವದು. ಅಷ್ಟು ಸ್ಪಷ್ಟ ಉತ್ತರವನ್ನು ಯಾವ ಪ್ರಯೋಗಾಲಯವೂ ನನಗೆ ಕೊಟ್ಟಿಲ್ಲ.

ಇನ್ನು ಮುಳಬಾಗಿಲಿಗೆ ಬನ್ನಿ. ಮೂಡಲ ಬಾಗಿಲು ಎಂಬ ಹೆಸರು ಸವೆದು ಮುಳಬಾಗಿಲಾದ ಊರು, ಸುತ್ತ ಗುಂಡುಗಲ್ಲುಗಳ ಬೆಟ್ಟ. ಅಲ್ಲಿನ ನಮ್ಮ ನೆಂಟರೊಬ್ಬರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಪೀಸ್ ಲಿಲಿಯ ಕುಂಡವೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಡುಹಸಿರು ಎಲೆ, ಹಾವಿನ ಹೆಡೆಯಂಥ ಬಿಳಿ ಹೂ. ಆರು ತಿಂಗಳಲ್ಲಿ ಪ್ರತಿ ಎಲೆಯ ತುದಿಯೂ ಊದುಬತ್ತಿ ತಾಗಿಸಿದ ಹಾಗೆ ಕಂದಾಯಿತು. ಪಕ್ಕದಲ್ಲಿದ್ದ ಡ್ರಸೀನಾಕ್ಕೆ ಅದಕ್ಕಿಂತ ಜೋರು. ನೀರು ಕಡಿಮೆಯಾಯಿತೆಂದು ಇನ್ನೂ ಹೆಚ್ಚು ಹಾಕಿದರು, ಕಂದು ಬಣ್ಣ ಇನ್ನೂ ಒಳಕ್ಕೆ ಸರಿಯಿತು.

ಕಾರಣ ಆ ಬೆಟ್ಟಗಳಲ್ಲೇ ಇದೆ. ಅಲ್ಲಿನ ಗ್ರಾನೈಟಿನಲ್ಲಿ, ಅದರಡಿಯ ಪದರಗಲ್ಲಿನಲ್ಲಿ ಫ್ಲೋರೈಡ್ ಅಡಗಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್‌ನಂಥ ಖನಿಜಗಳಿವೆ. ನೀರು ಆಳಕ್ಕೆ ಇಳಿದಷ್ಟೂ ಕಲ್ಲಿನ ಬಿರುಕುಗಳಲ್ಲಿ ಅದರ ವಾಸ ಹೆಚ್ಚು. ವಾಸ ಹೆಚ್ಚಿದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆ ದಾಟಿವೆ ಎಂಬುದು ಇಲ್ಲಿ ಹುಟ್ಟಿ ಬೆಳೆದವರಿಗೆ ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಕಂದು ಗೆರೆಗಳಲ್ಲೇ ನೋಡಿದ್ದೇವೆ.

ಡ್ರಸೀನಾದಂಥ ಗಿಡಗಳಿಗೆ ಮನುಷ್ಯನಿಗೆ ಒಪ್ಪಿತವಾದ ಆ 1 ಮಿಲಿಗ್ರಾಮೇ ಅತಿಯಾಯಿತು. ಬೇರು ನೀರಿನ ಜತೆ ಫ್ಲೋರೈಡನ್ನೂ ಎಳೆಯುತ್ತದೆ. ನೀರು ಕಾಂಡ ಹತ್ತಿ ಎಲೆಯುದ್ದಕ್ಕೂ ಸಾಗಿ ಆವಿಯಾಗುತ್ತದೆ. ಫ್ಲೋರೈಡಿಗೆ ಆವಿಯಾಗುವ ದಾರಿಯಿಲ್ಲ, ಹರಿವು ಮುಗಿಯುವ ತುದಿಯಲ್ಲಿ ಅದು ಗುಡ್ಡೆಬೀಳುತ್ತದೆ. ಕೆರೆಯ ಕೋಡಿಯಲ್ಲಿ ಕಸ ಸಿಕ್ಕಿಕೊಂಡ ಹಾಗೆ. ತುದಿಯ ಜೀವಕೋಶಗಳು ಸಾಯುತ್ತವೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿ, ಗ್ಲಾಡಿಯೋಲಸ್‌ಗಳಿಗೆ ಈ ಕಾಟ ಜಾಸ್ತಿ. ಇವುಗಳಲ್ಲಿ ಹೆಚ್ಚಿನವಕ್ಕೆ ಉದ್ದ ಎಲೆ, ಸಮಾನಾಂತರ ನರ, ಎಲ್ಲ ಹರಿವೂ ಒಂದೇ ತುದಿಗೆ. ಫ್ಲೋರೈಡಿಗೆ ಸೂಕ್ಷ್ಮವಾದ ಗಿಡಗಳ ಪಟ್ಟಿಯಲ್ಲಿ ದಾಸವಾಳ ಕಾಣುವುದಿಲ್ಲ. ಕತ್ತರಿಸಿ ಹೂದಾನಿಗಿಟ್ಟ ಜರ್ಬೆರಾ ಕೂಡ ಫ್ಲೋರೈಡಿನ ನೀರಿನಲ್ಲಿ ಬೇಗ ಕಳೆಗುಂದುತ್ತದೆ. ನಮ್ಮ ಕಡೆ ಪಾಲಿಹೌಸುಗಳಲ್ಲಿ ಬೆಳೆಯುವ ಹೂವೇ ನಮ್ಮ ಕಡೆಯ ನೀರಿನಲ್ಲಿ ಬಾಳದಿರುವುದು ಒಂದು ಅಣಕ.

ನೆಂಟರ ಮನೆಯಲ್ಲಿ ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಅವರು ಕುಂಡಗಳಿಗೆ ಹಾಕುತ್ತಿದ್ದದ್ದು ಅಡುಗೆಮನೆಯ ಆರ್‌ಒ ಯಂತ್ರ ಹೊರಚೆಲ್ಲುವ ನೀರು. ನೀರು ಹಾಳಾಗಬಾರದೆಂಬ ಅವರ ಕಾಳಜಿಗೆ ಕೈಮುಗಿಯಬೇಕು. ಆದರೆ ಲೆಕ್ಕ ಹಾಕಿ: ನಾಲ್ಕು ಲೀಟರ್ ನೀರು ಒಳಹೋಗಿ ಒಂದು ಲೀಟರ್ ಸಿಹಿನೀರು ಬಂದರೆ, ಆ ನಾಲ್ಕು ಲೀಟರಿನ ಹೆಚ್ಚುಕಡಿಮೆ ಎಲ್ಲ ಉಪ್ಪೂ ಉಳಿದ ಮೂರು ಲೀಟರಿನಲ್ಲಿದೆ. ಅದು ಮೊದಲಿಗಿಂತ ಮೂರನೇ ಒಂದು ಪಾಲು ಹೆಚ್ಚು ಗಾಢವಾಯಿತು. ಅರ್ಧಕ್ಕರ್ಧ ಸಿಹಿನೀರು ತೆಗೆಯುವ ಯಂತ್ರವಾದರೆ ಇಮ್ಮಡಿ. ಆ ನೀರು ನೆಲ ಒರೆಸಲು, ಕಕ್ಕಸಿಗೆ ಸರಿ. ಅಂಗಳದ ಕಣಗಿಲೆಗೂ ನಡೆದೀತು. ಕುಂಡದ ಲಿಲಿಗೆ ಬೇಡ.

ಇಲ್ಲೊಂದು ಇಕ್ಕಟ್ಟಿದೆ. ಮಣ್ಣಿಗೆ ಸುಣ್ಣ ಬೆರೆಸಿದರೆ ಫ್ಲೋರೈಡು ಕ್ಯಾಲ್ಸಿಯಂ ಜತೆ ಕಟ್ಟಿಹಾಕಿಕೊಂಡು ಗಿಡಕ್ಕೆ ಸಿಗದೆ ಹೋಗುತ್ತದೆ. ಡ್ರಸೀನಾಕ್ಕೆ ಅದು ವರ. ಅದೇ ಸುಣ್ಣ ದಾಸವಾಳಕ್ಕೆ ಶಾಪ, ಆಗಲೇ ನೋಡಿದೆವು. ಎಲ್ಲ ಕುಂಡಕ್ಕೂ ಒಂದೇ ಮಣ್ಣು ಕಲಸಿ ಒಂದೇ ಮಗ್ಗಿನಲ್ಲಿ ನೀರು ಹಾಕುವ ನಮ್ಮ ಪದ್ಧತಿಯೇ ತಪ್ಪು. ಸೂಪರ್ ಫಾಸ್ಫೇಟ್ ಗೊಬ್ಬರವನ್ನೂ ಲಿಲಿ, ಡ್ರಸೀನಾಗಳಿಂದ ದೂರವಿಡಿ. ಅದನ್ನು ಮಾಡುವ ಶಿಲಾರಂಜಕದಲ್ಲೇ ಫ್ಲೋರೈಡ್ ಇರುತ್ತದೆ.

ಕುಂಡದ ಮಾತು ಬಂತಲ್ಲ, ಮಾಲೂರಿನವರ ಮೇಲೆ ನನಗೊಂದು ಪ್ರೀತಿಯ ತಕರಾರಿದೆ. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಒಡೆದ ಹೆಂಚಿಗೆ ಅಲ್ಲೇನು ಬರ! ಕುಂಡ ತುಂಬುವ ಮುನ್ನ ತಳಕ್ಕೆ ನಾಲ್ಕು ಬೆರಳು ಹೆಂಚಿನ ಚೂರು ಹಾಸುವುದು ರೂಢಿ, ನೀರು ಬಸಿಯಲಿ ಎಂದು. ನಾನೂ ವರ್ಷಗಟ್ಟಲೆ ಮಾಡಿದೆ. ಅದರಿಂದ ಆಗುವುದು ಉಲ್ಟಾ.

ಪಾತ್ರೆ ಉಜ್ಜುವ ಒಂದು ಸ್ಪಂಜು ತೆಗೆದುಕೊಳ್ಳಿ. ಪೂರ್ತಿ ನೆನೆಸಿ ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಹಿಂಡಬೇಡಿ. ಮತ್ತೆ ನೀರು ಇಳಿಯುತ್ತದೆ! ಸ್ಪಂಜು ಅದೇ, ಒಳಗಿನ ತೂತುಗಳೂ ಅವೇ. ಬದಲಾದದ್ದು ಎತ್ತರ ಮಾತ್ರ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಡುವ ಶಕ್ತಿಗೆ ಒಂದು ಮಿತಿ ಇದೆ. ಪ್ರತಿ ಕುಂಡದ ತಳದಲ್ಲೂ ಆ ಮಿತಿಯಷ್ಟು ಎತ್ತರದ ಕೆಸರಿನ ಪದರ ಇದ್ದೇ ಇರುತ್ತದೆ. ಅದರ ಎತ್ತರ ನಿಂತಿರುವುದು ಮಣ್ಣಿನ ಗುಣದ ಮೇಲೆ, ಕುಂಡದ ಆಳದ ಮೇಲಲ್ಲ. ತಳಕ್ಕೆ ಹೆಂಚು ಹಾಸಿದಿರೋ, ಮಣ್ಣಿನ ನೀರು ದಪ್ಪ ಸಂದುಗಳಿಗೆ ಇಳಿಯಲು ಒಲ್ಲದೆ ಹೆಂಚಿನ ಮೇಲೇ ನಿಲ್ಲುತ್ತದೆ. ಕೆಸರಿನ ಪದರ ಬೇರಿನ ಕಡೆಗೆ ನಾಲ್ಕು ಬೆರಳು ಏರಿತು, ಅಷ್ಟೆ. ಬೇರು ಉಸಿರಾಡಬೇಕಾದ ಜಾಗ ಅಷ್ಟು ಕಡಿಮೆಯಾಯಿತು.

ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರು ಸಾಕು, ಮಣ್ಣು ಜಾರದಿರಲು. ಉಳಿದದ್ದನ್ನು ಕುಟ್ಟಿ ಕಡಲೆಕಾಳಿನ ಗಾತ್ರಕ್ಕೆ ತಂದು, ಜರಡಿಯಲ್ಲಿ ಪುಡಿ ತೆಗೆದು, ಮಣ್ಣಿಗೇ ಬೆರೆಸಿ. ನನ್ನ ಪಾಕ: ಕೆಮ್ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಮೇಲೊಂದು ಹಿಡಿ ಹೊಂಗೆ ಹಿಂಡಿ. ಕೆರೆ ಗೋಡು ಹೊಲಕ್ಕೆ ಚಿನ್ನ, ಕುಂಡಕ್ಕೆ ಮಾತ್ರ ಜಿಗುಟು. ಹಾಕಿದರೂ ಒಂದು ಮುಷ್ಟಿ. ಗಿಡ್ಡ ಅಗಲ ಕುಂಡಕ್ಕಿಂತ ಎತ್ತರದ ಕುಂಡ ಮೇಲು. ಸ್ಪಂಜು ಹೇಳಿತಲ್ಲ.

ಕುಂಡ ಎಲ್ಲಿಡಬೇಕೆಂಬುದಕ್ಕೆ ಒಂದು ಎಚ್ಚರಿಕೆ. ಚಳಿ ದೇಶದ ಪುಸ್ತಕಗಳು ದಕ್ಷಿಣದ ಕಿಟಕಿಯೇ ಬಿಸಿಲಿನ ಕಿಟಕಿ ಎನ್ನುತ್ತವೆ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದವನು ಆಗಸ್ಟ್ ನಡುವಿನವರೆಗೂ ಅಲ್ಲೇ. ಆ ನಾಲ್ಕು ತಿಂಗಳು ನಮ್ಮ ಮನೆಗಳ ಉತ್ತರದ ಗೋಡೆಗೆ ಬಿಸಿಲು, ದಕ್ಷಿಣದ ಸಜ್ಜೆಗೆ ನೆರಳು. ನೆರಳು ಬಯಸುವ ಲಿಲಿಯನ್ನು ಉತ್ತರದಲ್ಲಿಟ್ಟು ಮೇ ತಿಂಗಳಲ್ಲಿ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಇಷ್ಟು ಹೊತ್ತು ನೀರಿನ ದೋಷ ಹೇಳಿದೆ. ನೀರಿಲ್ಲದಿರುವುದರ ಗುಣವೂ ಒಂದಿದೆ, ಅದನ್ನು ಶ್ರೀನಿವಾಸಪುರದವರಿಗೆ ಯಾರೂ ಕಲಿಸಬೇಕಿಲ್ಲ. ಮಳೆ ನಿಂತ ಮೇಲೆ ಮಾವಿನ ತೋಪಿಗೆ ಅವರು ನೀರು ಕಟ್ಟುವುದಿಲ್ಲ. ಡಿಸೆಂಬರಿನ ತಂಪು ರಾತ್ರಿ, ಒಣಗಿದ ನೆಲ ಎರಡೂ ಸೇರಿದಾಗ ಮರ ಎಲೆ ಬಿಡುವ ಯೋಚನೆ ಬಿಟ್ಟು ಹೂ ಬಿಡುತ್ತದೆ. ಆ ಹೊತ್ತಿನಲ್ಲಿ ಅಕಾಲ ಮಳೆ ಬಿದ್ದರೆ ತೋಪಿನ ತುಂಬ ತಾಮ್ರದ ಬಣ್ಣದ ಚಿಗುರು, ಹೂ ಕೈತಪ್ಪಿತೆಂದು ಮುಖ ಸಪ್ಪಗೆ. ಕಾಂಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಎಂಬ ರಸ ಗಿಡದೊಳಗೆ ಇಳಿದಾಗ ಮಾವು ಹೂವಿಗೆ ತಿರುಗುತ್ತದೆ. ತೋಟಗಳಲ್ಲಿ ಬಳಸುವ ಕಲ್ಟಾರ್ ಮಾಡುವುದೂ ಆ ರಸವನ್ನು ತಡೆಯುವ ಕೆಲಸವನ್ನೇ. ಮನೆಯ ಕುಂಡಕ್ಕೆ ಅಂಥ ಔಷಧಿಯ ಸಹವಾಸ ಬೇಡ, ಬಾಯಾರಿಕೆ ಸಾಕು.

ಕಾಗದದ ಹೂ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಬಣ್ಣದ ಎಸಳು ನಿಜಕ್ಕೂ ಎಲೆ. ಮೂರು ಬಣ್ಣದೆಲೆಗಳ ನಡುವೆ ಬೆಂಕಿಕಡ್ಡಿಯ ತಲೆಯಷ್ಟು ಬಿಳಿ ಬಾಯಿ ತೆರೆದ ಮೂರು ಕೊಳವೆಗಳಿವೆಯಲ್ಲ, ಅವು ಹೂ. 1767ರಲ್ಲಿ ಬ್ರೆಜಿಲಿನ ರಿಯೋ ಬಳಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕೊಮರ್ಸೊನ್ ಇದನ್ನು ಸಂಗ್ರಹಿಸಿ, ತನ್ನ ಹಡಗಿನ ನಾಯಕ ಬೂಗನ್‌ವಿಲ್‌ನ ಹೆಸರು ಇಟ್ಟ. ದಿನಾ ನೀರು ಹಾಕಿ ಮುದ್ದು ಮಾಡಿದರೆ ಇದು ಬರೀ ಹಸಿರು ಬಳ್ಳಿ. ಎಲೆ ತುಸು ಬಾಡುವವರೆಗೆ ನೀರು ನಿಲ್ಲಿಸಿ, ಆಮೇಲೆ ಒಮ್ಮೆ ತುಂಬ ಹಾಕಿ, ಮತ್ತೆ ಕಾಯಿಸಿ. ಹೀಗೆ ಮೂರು ಸಲ ಮಾಡುವಷ್ಟರಲ್ಲಿ ಕೊಂಬೆ ತುದಿ ಬಣ್ಣಕ್ಕೆ ತಿರುಗುತ್ತದೆ. ದುಂಡುಮಲ್ಲಿಗೆಗೂ ಡಿಸೆಂಬರಿನಲ್ಲಿ ನೀರು ಬಿಗಿಹಿಡಿದು, ಸವರಿ, ಫೆಬ್ರವರಿಯಲ್ಲಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಯುಗಾದಿಯ ಆಚೀಚೆ ಮೊಗ್ಗು. ದಾಸವಾಳದ ಮೇಲೆ ಮಾತ್ರ ಈ ಪ್ರಯೋಗ ಬೇಡ. ಒಂದು ದಿನ ಬಾಯಾರಿದರೂ ಮೊಗ್ಗು ಕೆಡವಿ ಸೇಡು ತೀರಿಸಿಕೊಳ್ಳುತ್ತದೆ.

ಹಾಗಾದರೆ ದಾಸವಾಳ, ಲಿಲಿಗಳಿಗೆ ಒಳ್ಳೆಯ ನೀರು ಎಲ್ಲಿಂದ ತರುವುದು? ಸುಣ್ಣವಿಲ್ಲದ, ಫ್ಲೋರೈಡಿಲ್ಲದ, ತುಸು ಹುಳಿಯೂ ಇರುವ ನೀರು ಒಂದೇ: ಮಳೆ. ಹತ್ತಡಿ ಉದ್ದ ಹತ್ತಡಿ ಅಗಲದ ಶೀಟಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 93 ಲೀಟರ್. ಕುಂಡದ ದಾಸವಾಳಕ್ಕೆ ದಿನಕ್ಕೆ ಎರಡು ಲೀಟರ್ ಎಂದಿಟ್ಟುಕೊಂಡರೂ ಅದು ಒಂದೂವರೆ ತಿಂಗಳ ನೀರು. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇನ್ನೂರು ಲೀಟರಿನ ಎರಡು ಡ್ರಮ್ಮಿದ್ದರೆ ಸೂಕ್ಷ್ಮ ಗಿಡಗಳು ಮೂರ್ನಾಲ್ಕು ತಿಂಗಳು ಸಂಪಿನ ಮುಖ ನೋಡಬೇಕಿಲ್ಲ. ಬೋರ್‌ವೆಲ್ ನೀರನ್ನೇ ನಂಬಿದ ಕುಂಡಗಳಿಗೂ ತಿಂಗಳಿಗೊಮ್ಮೆ ತಳದಿಂದ ಹರಿಯುವಷ್ಟು ಮಳೆನೀರು ಸುರಿದರೆ ಕೂತ ಉಪ್ಪು ತೊಳೆದುಹೋಗುತ್ತದೆ.

ಈ ಸಲ ಮೊದಲ ಹತ್ತು ನಿಮಿಷದ ಮಳೆಯನ್ನು ಚರಂಡಿಗೆ ಬಿಡಿ, ಚಾವಣಿಯ ಧೂಳು ಹೋಗಲಿ. ಆಮೇಲೆ ಡ್ರಮ್ಮು ಹಿಡಿಯಿರಿ. ಮರೆಯದೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿ. ತೆರೆದಿಟ್ಟ ನೀರಿನಲ್ಲಿ ಹತ್ತು ದಿನಕ್ಕೆ ಸೊಳ್ಳೆ ಏಳುತ್ತದೆ.